ಬಿದ್ದ ದವಡೆ ಹಲ್ಲಿಗೆ ಬದಲಿ ಯಾರು?

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ನಾವು ಸಾಧಾರಣವಾಗಿ ಮಾತಾಡುವುದು ಸಂಬಳ, ಬೋನಸ್ಸು, ಪಾಳಿ, ವಾರದ ರಜೆ ಇವುಗಳನ್ನು ಕುರಿತು. ಇಂದು ಹಲ್ಲಿನ ವಿಷಯ ಎತ್ತಿಕೊಂಡದ್ದನ್ನು ಕಂಡು ಕೆಲವರು ನಗಬಹುದು. ನಗಲಿ, ಆದರೆ ನಾವು ಹೇಳಬೇಕಾದದ್ದು ನಕ್ಕರೂ ಕಾಣದ ಹಲ್ಲುಗಳ ಮಾತು. ಮುಂದಿನ ಹಲ್ಲು ಮುರಿದರೆ ಗಿರಾಕಿಯೂ ನೋಡುತ್ತಾನೆ, ಗಲ್ಲೆಯ ಮೇಲೆ ಕುಳಿತ ಧಣಿಯೂ ನೋಡುತ್ತಾನೆ. ಹಿಂದಿನ ದವಡೆ ಹಲ್ಲು ಹೋದರೆ ಯಾರಿಗೂ ಕಾಣದು. ಕಾಣದ್ದರಿಂದಲೇ ನಮ್ಮವರು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನೋವು ಬಂತು, ಕೀಳಿಸಿದೆವು, ಪೀಡೆ ಕಳೆಯಿತು ಎಂದು ಮರುದಿನ ಕೆಲಸಕ್ಕೆ ನಿಲ್ಲುತ್ತೇವೆ. ಪೀಡೆ ಅಲ್ಲಿಗೆ ಕಳೆಯುವುದಿಲ್ಲ ಎಂದು ಹೇಳುವುದಕ್ಕೇ ಈ ಮಾತು.

ನಾವು ಡಾಕ್ಟರರಲ್ಲ. ಮಿಡ್ಲ್ ಸ್ಕೂಲು ಮುಗಿಸಿ ಹೋಟೆಲು ಸೇರಿ, ಕಪ್ಪುಬಸಿ ತೊಳೆದು, ಟೇಬಲು ಒರೆಸಿ, ಆಮೇಲೆ ಸಂಘದ ಕೆಲಸಕ್ಕೆ ಬಂದವರು. ಬಲ್ಲ ಡಾಕ್ಟರರನ್ನು ಕೇಳಿ, ಓದಿ ತಿಳಿದುದನ್ನು ನಮ್ಮ ಭಾಷೆಯಲ್ಲಿ ನಿಮ್ಮ ಮುಂದೆ ಇಡುತ್ತೇವೆ.

ಮೊದಲು ಲೆಕ್ಕ ಸರಿಮಾಡಿಕೊಳ್ಳೋಣ. ಪೂರ್ಣ ಬೆಳೆದವರ ಬಾಯಲ್ಲಿ 32 ಹಲ್ಲು. ಮೇಲೆ ಎರಡು ಬದಿ, ಕೆಳಗೆ ಎರಡು ಬದಿ. ಒಂದೊಂದು ಬದಿಯ ಕೊನೆಗೆ ಮೂರು ಮೂರು ದೊಡ್ಡ ದವಡೆ ಹಲ್ಲು. ಇವೇ ಬಾಯಿಯ ರುಬ್ಬುವ ಕಲ್ಲು. ಮೊದಲನೆಯದು ಸುಮಾರು ಆರನೆಯ ವರ್ಷಕ್ಕೆ ಬರುತ್ತದೆ, ಎರಡನೆಯದು ಹನ್ನೆರಡರ ಸುಮಾರಿಗೆ. ಮೂರನೆಯದು ಹದಿನೇಳರಿಂದ ಇಪ್ಪತ್ತೈದರೊಳಗೆ. ಕೆಲವರಿಗೆ ಇನ್ನೂ ತಡ, ಕೆಲವರಿಗೆ ಬರುವುದೇ ಇಲ್ಲ. ಬುದ್ಧಿ ಬರುವ ವಯಸ್ಸಿಗೆ ಬರುವುದರಿಂದ ಅದಕ್ಕೆ ಬುದ್ಧಿ ಹಲ್ಲು ಎಂದು ಹೆಸರು. ಮರಾಠಿಯವರು ಅಕ್ಕಲದಾಢ ಎನ್ನುತ್ತಾರೆ, ಅರ್ಥ ಒಂದೇ.

ಇಲ್ಲಿ ಮಕ್ಕಳೊಂದಿಗರು ಒಂದು ಮಾತು ಗಂಟು ಹಾಕಿಕೊಳ್ಳಬೇಕು. ಆರನೆಯ ವರ್ಷದ ದವಡೆ ಯಾವ ಹಾಲುಹಲ್ಲನ್ನೂ ಬೀಳಿಸಿ ಬರುವುದಲ್ಲ. ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಮೂಡುತ್ತದೆ. ಊರಿನಲ್ಲಿ ತಾಯಂದಿರು ಅದನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ಹುಳುಕು ಬಿದ್ದರೆ ‘ಹೋಗಲಿ, ಹೊಸದು ಬರುತ್ತದೆ’ ಎನ್ನುತ್ತಾರೆ. ಹೊಸದು ಬರುವುದಿಲ್ಲ. ಎಲ್ಲಕ್ಕಿಂತ ಮೊದಲು ಬಂದು, ಎಲ್ಲಕ್ಕಿಂತ ಹೆಚ್ಚು ದುಡಿದು, ಅನೇಕರ ಬಾಯಲ್ಲಿ ಎಲ್ಲಕ್ಕಿಂತ ಮೊದಲು ಹೋಗುವ ದವಡೆ ಇದೇ. ಊರಿಗೆ ಫೋನು ಮಾಡಿದಾಗ ಈ ಮಾತನ್ನು ಮನೆಯವರಿಗೆ ಹೇಳಿರಿ.

ನಮ್ಮವರ ದವಡೆ ಇಷ್ಟು ಬೇಗ ಹಾಳಾಗಲು ನಮ್ಮ ಕೆಲಸದ ರೀತಿಯೂ ಕಾರಣ. ಬಾಯಲ್ಲಿರುವ ಸೂಕ್ಷ್ಮ ಜೀವಿಗಳು ಸಕ್ಕರೆ ತಿಂದು ಆಮ್ಲ ಬಿಡುತ್ತವೆ. ಪ್ರತಿ ಸಲ ಸಿಹಿ ಬಾಯಿಗೆ ಹೋದಾಗಲೂ ಅರ್ಧ ಗಂಟೆಯ ಸುಮಾರು ಆ ಆಮ್ಲ ಹಲ್ಲನ್ನು ಕೊರೆಯುತ್ತಿರುತ್ತದೆ. ಆದ್ದರಿಂದ ಎಷ್ಟು ಸಕ್ಕರೆ ತಿಂದೆವು ಎಂಬುದಕ್ಕಿಂತ ಎಷ್ಟು ಸಲ ತಿಂದೆವು ಎಂಬುದು ಮುಖ್ಯ. ನಸುಕಿನ ನಾಲ್ಕಕ್ಕೆ ಎದ್ದು ಒಲೆ ಹಚ್ಚುವವನು ರಾತ್ರಿ ಹನ್ನೊಂದಕ್ಕೆ ಮಲಗುವವರೆಗೆ ಎಷ್ಟು ಅರ್ಧ ಚಹ ಕುಡಿಯುತ್ತಾನೆ? ಊಟಕ್ಕೆ ಹೊತ್ತಿಲ್ಲದ್ದರಿಂದ ಚಹವೇ ಊಟ. ರಾತ್ರಿ ದಣಿದು ಬಂದವನಿಗೆ ಹಲ್ಲುಜ್ಜುವ ತ್ರಾಣವಿಲ್ಲ. ಹಲ್ಲಿಗೆ ಹೆಚ್ಚು ಹಾನಿಯಾಗುವುದು ಆ ರಾತ್ರಿಯಲ್ಲೇ.

ಗಿರಣಿಯ ಹಿರಿಯರ ಕಥೆ ಬೇರೆ. ಹತ್ತಿ ಹಾರುವ ಖಾತೆಯೊಳಗೆ ಬೀಡಿ ಹಚ್ಚುವಂತಿರಲಿಲ್ಲ. ಹಾಗಾಗಿ ತಂಬಾಕು ಸುಣ್ಣ ತಿಕ್ಕಿ ದವಡೆಯ ಸಂದಿಗೆ ಇಟ್ಟು ಪಾಳಿ ಮುಗಿಸುತ್ತಿದ್ದರು. 1982ರ ಮುಷ್ಕರದ ಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ತಂಬಾಕು ಮಾತ್ರ ಉಳಿಯಿತು. ಹೋಟೆಲಿನ ಹುಡುಗರಿಗೆ ಮಿಶ್ರಿ ತಿಕ್ಕುವ ಚಟ ಈ ಊರಿನಲ್ಲೇ ಅಂಟಿದ್ದು. ಸುಟ್ಟ ತಂಬಾಕಿನ ಪುಡಿ ಹಲ್ಲನ್ನು ಗಟ್ಟಿ ಮಾಡುವುದಿಲ್ಲ, ವಸಡನ್ನು ಕೆಡಿಸುತ್ತದೆ. ಗುಟಖಾವನ್ನು ಮಹಾರಾಷ್ಟ್ರ ಸರಕಾರ 2012ರಲ್ಲಿ ನಿಷೇಧಿಸಿತು. ನಿಷೇಧ ಕಾಗದದ ಮೇಲೆ ಇದ್ದರೆ ಸಾಲದು, ನಮ್ಮ ಜೇಬಿನಲ್ಲೂ ಇರಬೇಕು.

ಈಗ ಬುದ್ಧಿ ಹಲ್ಲಿನ ಮಾತು. ಎಲ್ಲರೂ ಬಂದು ಕೂತಾದ ಮೇಲೆ ಬಾಗಿಲಿಗೆ ಬಂದವನ ಪಾಡು ಇದರದು. ದವಡೆಯಲ್ಲಿ ಜಾಗ ಸಾಲದಿದ್ದರೆ ಓರೆಯಾಗುತ್ತದೆ, ಅಡ್ಡ ಮಲಗುತ್ತದೆ, ಇಲ್ಲವೆ ಅರ್ಧ ಮೂಡಿ ನಿಲ್ಲುತ್ತದೆ. ಕೆಳದವಡೆಯ ಅರ್ಧ ಮೂಡಿದ ಹಲ್ಲಿನ ಮೇಲೆ ವಸಡಿನ ಒಂದು ಮಡಿಕೆ ಹೊದ್ದುಕೊಂಡಿರುತ್ತದೆ. ಅದರಡಿಯಲ್ಲಿ ಅನ್ನದ ಅಗುಳು ಸಿಕ್ಕಿ ಕೊಳೆತು ವಸಡು ಊದುತ್ತದೆ. ಬಾಯಿ ತೆರೆಯಲಾಗದು, ನುಂಗಲಾಗದು, ಕಿವಿಯವರೆಗೆ ಸಿಡಿತ. ಇಪ್ಪತ್ತರ ಆಸುಪಾಸಿನ ಎಷ್ಟು ಹುಡುಗರು ಗಲ್ಲಕ್ಕೆ ಪಂಜೆ ಕಟ್ಟಿಕೊಂಡು ಸಪ್ಲೈ ಮಾಡಿದ್ದನ್ನು ನಾವು ಕಂಡಿಲ್ಲ?

ಹೀಗಾದಾಗ ಉಗುರುಬೆಚ್ಚಗಿನ ಉಪ್ಪುನೀರಿನಿಂದ ಮತ್ತೆ ಮತ್ತೆ ಬಾಯಿ ಮುಕ್ಕಳಿಸಿ, ಡಾಕ್ಟರರಿಗೆ ತೋರಿಸಬೇಕು. ನೋವಿನ ಮಾತ್ರೆಯನ್ನು ಪುಡಿಮಾಡಿ ವಸಡಿಗೆ ಒತ್ತುವವರಿದ್ದಾರೆ. ಅದು ವಸಡನ್ನು ಸುಡುತ್ತದೆ. ಮಾತ್ರೆ ನುಂಗುವುದಕ್ಕೆ ಇರುವುದು. ತಂಬಾಕು ಒತ್ತುವುದೂ ಔಷಧವಲ್ಲ. ಒಂದು ಎಚ್ಚರಿಕೆಯನ್ನು ಎಲ್ಲರೂ ಗಟ್ಟಿಯಾಗಿ ನೆನಪಿಡಬೇಕು. ಬಾವು ದವಡೆಯ ಕೆಳಗೆ ಕುತ್ತಿಗೆಗೆ ಇಳಿದರೆ, ನಾಲಿಗೆಯ ಅಡಿ ಊದಿ ಮೇಲೆದ್ದರೆ, ಜೊಲ್ಲು ನುಂಗಲಾಗದಿದ್ದರೆ, ಉಸಿರು ಕಟ್ಟಿದಂತಾದರೆ, ಬೆಳಗಾಗಲಿ ಎಂದು ಕಾಯಬೇಡಿರಿ. ಕೋಣೆಯವರು ಸೇರಿ ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಹಲ್ಲಿನ ಕೀವು ಉಸಿರಿನ ದಾರಿ ಮುಚ್ಚಿ ಪ್ರಾಣ ತೆಗೆಯಬಲ್ಲದು.

ಬಾಯಿ ತೆರೆಯದಿರುವುದಕ್ಕೆ ಬುದ್ಧಿ ಹಲ್ಲೊಂದೇ ಕಾರಣವಲ್ಲ. ನೋವಿಲ್ಲದೆ ತಿಂಗಳು ತಿಂಗಳಿಗೆ ಬಾಯಿ ಕಿರಿದಾಗುತ್ತ ಬಂದರೆ, ಖಾರ ತಾಗಿದರೆ ಉರಿದರೆ, ಅದು ಅಡಿಕೆ ಗುಟಖಾ ತಂದ ರೋಗವಿರಬಹುದು. ಎರಡು ವಾರಕ್ಕೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೂ ತೋರಿಸಲೇಬೇಕು.

ಹಾಗಾದರೆ ಬುದ್ಧಿ ಹಲ್ಲೆಲ್ಲ ಕೀಳಿಸಿಬಿಡುವುದೇ? ಹಾಗಲ್ಲ. ತೊಂದರೆ ಕೊಡದ, ರೋಗವಿಲ್ಲದ ಬುದ್ಧಿ ಹಲ್ಲನ್ನು ಮುಂಜಾಗ್ರತೆಗೆಂದು ಕೀಳಬಾರದೆಂದು ಇಂಗ್ಲೆಂಡಿನ ಸರಕಾರಿ ಆರೋಗ್ಯ ವ್ಯವಸ್ಥೆ 2000ದಲ್ಲಿ ಸೂಚನೆ ಹೊರಡಿಸಿತು. ಮತ್ತೆ ಮತ್ತೆ ಬಾತರೆ, ಹುಳುಕು ಹಿಡಿದರೆ, ಪಕ್ಕದ ಹಲ್ಲನ್ನು ಕೆಡಿಸುತ್ತಿದ್ದರೆ ಆಗ ಕೀಳಬೇಕು. ಕೀಳುವ ಮೊದಲು ಎಕ್ಸ್‌ರೇ ತೆಗೆಸಬೇಕು; ಏಕೆಂದರೆ ಕೆಳಗಿನ ಬುದ್ಧಿ ಹಲ್ಲಿನ ಬೇರಿನ ಹತ್ತಿರವೇ ತುಟಿಗೆ ಸ್ಪರ್ಶಜ್ಞಾನ ಕೊಡುವ ನರ ಹಾದುಹೋಗುತ್ತದೆ. ಕಿತ್ತ ಮೇಲೆ ಹತ್ತಿಯ ಉಂಡೆಯನ್ನು ಡಾಕ್ಟರರು ಹೇಳಿದಷ್ಟು ಹೊತ್ತು ಕಚ್ಚಿ ಹಿಡಿಯಬೇಕು. ಒಂದು ದಿನ ಜೋರಾಗಿ ಮುಕ್ಕಳಿಸುವುದು, ಉಗುಳುವುದು ಬೇಡ. ಬೀಡಿ, ತಂಬಾಕು ಕೆಲವು ದಿನ ಮುಟ್ಟಲೇಬೇಡಿರಿ. ಕುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯದ ಮುಚ್ಚಳ. ಅದು ಕಿತ್ತುಹೋದರೆ ಮೂರನೆಯ ನಾಲ್ಕನೆಯ ದಿನಕ್ಕೆ ಮೊದಲಿನದಕ್ಕಿಂತ ಹೆಚ್ಚಿನ ನೋವು ಕಾಣುತ್ತದೆ.

ಮಿತ್ರರೇ, ಈಗ ಮುಖ್ಯ ವಿಷಯಕ್ಕೆ ಬರೋಣ. ಗಿರಣಿಯವರಿಗೆ ‘ಬದಲಿ’ ಎಂದರೇನೆಂದು ಹೇಳಬೇಕಾಗಿಲ್ಲ. ಸಾಂಚಾದ ಮೇಲೆ ಒಬ್ಬ ಬಾರದಿದ್ದರೆ, ಬದಲಿಯನ್ನೂ ಹಾಕದಿದ್ದರೆ, ಅವನ ಕೆಲಸ ಉಳಿದವರ ಹೆಗಲಿಗೆ ಬೀಳುತ್ತದೆ. ಹೋಟೆಲಿನಲ್ಲೂ ಹಾಗೆಯೇ, ರುಬ್ಬುವವನು ಊರಿಗೆ ಹೋದ ದಿನ ಅಡುಗೆ ಭಟ್ಟರಿಂದ ಮಾಣಿಯವರೆಗೆ ಎಲ್ಲರ ಕೆಲಸ ಕೆಡುತ್ತದೆ. ದವಡೆ ಹಲ್ಲು ಹೋದ ಬಾಯಿಯ ಸ್ಥಿತಿ ಇದೇ. ಹಿಂದಿನ ಹಲ್ಲು ಮುಂದಕ್ಕೆ ಖಾಲಿ ಜಾಗಕ್ಕೆ ವಾಲುತ್ತದೆ. ಎದುರಿನ ಹಲ್ಲು ತಡೆಯಿಲ್ಲದೆ ಜಾಗದೊಳಕ್ಕೆ ಇಳಿಯುತ್ತದೆ, ಇಲ್ಲವೆ ಏರುತ್ತದೆ. ಸಂದಿಗಳಲ್ಲಿ ಅಗುಳು ಸಿಕ್ಕಿ ಅವೂ ಹುಳುಕುತ್ತವೆ. ನಾವು ಇನ್ನೊಂದು ಬದಿಯಲ್ಲೇ ಅಗಿಯುತ್ತ ಅದನ್ನೂ ಸವೆಸುತ್ತೇವೆ. ಹಲ್ಲಿಲ್ಲದ ಕಡೆ ದವಡೆಯ ಎಲುಬು ಕುಗ್ಗುತ್ತದೆ. ಒಂದು ಹಲ್ಲು ಹೋದದ್ದು ಕೆಲವು ವರ್ಷಗಳಲ್ಲಿ ಮೂರು ಹಲ್ಲಿನ ಕಥೆಯಾಗುತ್ತದೆ. ಆಮೇಲೆ ಬದಲಿ ಹಾಕಿಸೋಣವೆಂದರೆ ಜಾಗವೇ ಉಳಿದಿರುವುದಿಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ನಮಗಾಗಿಯೇ ಹುಟ್ಟಿದಂತಿದೆ. ಆದರೆ ಎಲ್ಲ ಖಾಲಿ ಜಾಗಕ್ಕೂ ಬದಲಿ ಬೇಕೆಂದಿಲ್ಲ. ಬುದ್ಧಿ ಹಲ್ಲು ಹೋದರೆ ಬೇರೆ ಹಾಕಿಸುವ ಅಗತ್ಯವಿಲ್ಲ. ಮೊದಲ ಎರಡು ದವಡೆಗಳ ವಿಷಯದಲ್ಲಿ ಡಾಕ್ಟರರನ್ನು ಕೇಳಿಯೇ ತೀರ್ಮಾನಿಸಬೇಕು.

ಬದಲಿ ಯಾರು ಯಾರು ಇದ್ದಾರೆ, ನೋಡೋಣ.

ಎಲ್ಲ ಬದಲಿಗಿಂತ ಒಳ್ಳೆಯವನು ಮೂಲ ಕೆಲಸಗಾರನೇ. ಹುಳುಕು ನರದವರೆಗೆ ಹೋದರೂ ಎಷ್ಟೋ ಹಲ್ಲುಗಳನ್ನು ರೂಟ್ ಕೆನಾಲ್ ಮಾಡಿ, ಮೇಲೆ ಟೋಪಿ ಹಾಕಿ ಉಳಿಸಬಹುದು. ಕೀಳಿಸುವುದು ಇಂದಿಗೆ ಅಗ್ಗ. ಕಿತ್ತ ಜಾಗ ತುಂಬಿಸುವ ಖರ್ಚು ಸೇರಿಸಿದರೆ ಉಳಿಸುವುದೇ ಸಾಧಾರಣವಾಗಿ ಅಗ್ಗ. ಆದ್ದರಿಂದ ಡಾಕ್ಟರರ ಮುಂದೆ ಕುಳಿತ ಕೂಡಲೇ ‘ಕಿತ್ತುಬಿಡಿ’ ಎನ್ನಬೇಡಿರಿ, ‘ಉಳಿಸಲಾದೀತೇ?’ ಎಂದು ಮೊದಲು ಕೇಳಿರಿ.

ಎರಡನೆಯದು, ತೆಗೆದು ಹಾಕುವ ಪ್ಲೇಟು. ಖರ್ಚು ಕಡಿಮೆ, ಪಕ್ಕದ ಹಲ್ಲನ್ನು ಹೆಚ್ಚಾಗಿ ಮುಟ್ಟಬೇಕಾಗಿಲ್ಲ. ಅಗಿಯುವ ಬಲವೂ ಕಡಿಮೆಯೇ. ರಾತ್ರಿ ತೆಗೆದು, ಉಜ್ಜಿ, ನೀರಿನಲ್ಲಿಡಬೇಕು.

ಮೂರನೆಯದು ಬ್ರಿಜ್ಜು, ಅರ್ಥಾತ್ ಸೇತುವೆ. ಎರಡು ಪಕ್ಕದ ಹಲ್ಲುಗಳನ್ನು ಅರೆದು ಕಂಬ ಮಾಡಿ ನಡುವೆ ಹಲ್ಲು ಕೂರಿಸುತ್ತಾರೆ. ಗಟ್ಟಿಯಾದ ಕೆಲಸ, ಆದರೆ ಒಬ್ಬನ ಜಾಗ ತುಂಬಲು ಆರೋಗ್ಯವಾಗಿದ್ದ ಇಬ್ಬರನ್ನು ಸವೆಸಬೇಕು. ಬ್ರಿಜ್ಜಿನ ಅಡಿಯನ್ನು ದಿನಾ ಶುಚಿ ಮಾಡದಿದ್ದರೆ ಕಂಬವೇ ಕೊಳೆಯುತ್ತದೆ.

ನಾಲ್ಕನೆಯದು ಇಂಪ್ಲಾಂಟು. ಸ್ವೀಡನ್ ದೇಶದ ಬ್ರಾನೆಮಾರ್ಕ್ ಎಂಬ ವೈದ್ಯರು 1952ರ ಸುಮಾರಿಗೆ ಮೊಲದ ಕಾಲೆಲುಬಿನಲ್ಲಿ ರಕ್ತಸಂಚಾರ ನೋಡಲು ಟೈಟಾನಿಯಂ ಎಂಬ ಲೋಹದ ಸಲಕರಣೆ ಇಟ್ಟಿದ್ದರು. ಕೆಲಸ ಮುಗಿದ ಮೇಲೆ ತೆಗೆಯಹೋದರೆ ಬರಲಿಲ್ಲ. ಎಲುಬು ಆ ಲೋಹವನ್ನು ತನ್ನದಾಗಿ ಮಾಡಿಕೊಂಡಿತ್ತು. 1965ರಲ್ಲಿ ಅವರು ಮನುಷ್ಯನ ದವಡೆಗೆ ಟೈಟಾನಿಯಂ ಬೇರು ಕೂರಿಸಿದರು. ಇಂದು ಊರೂರಿನಲ್ಲಿ ಇದು ನಡೆದಿದೆ. ಪಕ್ಕದ ಹಲ್ಲನ್ನು ಅರೆಯಬೇಕಾಗಿಲ್ಲ. ಆದರೆ ಖರ್ಚು ಹೆಚ್ಚು, ಎಲುಬಿಗೆ ಬೇರು ಅಂಟಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ತಂಬಾಕಿನವರಿಗೆ, ಹತೋಟಿಯಿಲ್ಲದ ಸಕ್ಕರೆ ಕಾಯಿಲೆಯವರಿಗೆ ಕೆಡುವ ಭಯ ಹೆಚ್ಚು.

ಐದನೆಯ ಬದಲಿ ಬಹಳ ಜನರಿಗೆ ಗೊತ್ತಿಲ್ಲ. ಅದು ನಮ್ಮ ಬಾಯಲ್ಲೇ ಮೂಲೆಯಲ್ಲಿ ಕೂತಿರುವ ಬುದ್ಧಿ ಹಲ್ಲು! ಉಳಿಸಲಾಗದ ದವಡೆಯನ್ನು ಕಿತ್ತು, ಅದೇ ಹೊತ್ತಿನಲ್ಲಿ ಬುದ್ಧಿ ಹಲ್ಲನ್ನು ಬೇರುಸಹಿತ ಮೃದುವಾಗಿ ತೆಗೆದು ಆ ಕುಳಿಯಲ್ಲಿ ನೆಡುತ್ತಾರೆ. ಅಗೆಯಿಂದ ಕಿತ್ತ ನೇಜಿಯನ್ನು ಗದ್ದೆಯಲ್ಲಿ ನೆಟ್ಟಂತೆ ಎಂದರೆ ನಮ್ಮೂರಿನವರಿಗೆ ಬೇಗ ತಿಳಿದೀತು. ಬೇರಿನ ಮೇಲಿನ ತೆಳುಪೊರೆ ಒಣಗದೆ ಜೀವದಿಂದಿರಬೇಕು. ಆದ್ದರಿಂದ ಕೆಲಸ ನಿಮಿಷಗಳಲ್ಲಿ ಆಗಬೇಕು. ಬುದ್ಧಿ ಹಲ್ಲಿನ ಬೇರು ಅರ್ಧದಿಂದ ಮುಕ್ಕಾಲು ಬೆಳೆದಿರುವ ಹದಿನೇಳು ಹದಿನೆಂಟರ ವಯಸ್ಸು ಇದಕ್ಕೆ ಎಲ್ಲಕ್ಕಿಂತ ಅನುಕೂಲ. ಆಗ ಒಳಗಿನ ನರವೂ ಮತ್ತೆ ಜೀವ ಹಿಡಿಯಬಹುದು. ಬೇರು ಪೂರ್ತಿ ಬೆಳೆದವರಿಗೂ ಮಾಡಬಹುದು, ಆದರೆ ಕೆಲವು ವಾರದೊಳಗೆ ರೂಟ್ ಕೆನಾಲ್ ಬೇಕಾಗುತ್ತದೆ. 1950ರ ದಶಕದಲ್ಲೇ ಅಮೆರಿಕದ ವೈದ್ಯರು ಈ ರೀತಿಯನ್ನು ಬರೆದಿಟ್ಟಿದ್ದಾರೆ. ಎಲ್ಲರಿಗೂ ಹೊಂದುವುದಿಲ್ಲ, ಹಲ್ಲಿನ ಆಕಾರ, ಕುಳಿಯ ಅಳತೆ ಕೂಡಿಬರಬೇಕು, ಕೆಲವೊಮ್ಮೆ ನೆಟ್ಟ ಹಲ್ಲಿನ ಬೇರು ಕರಗಿಹೋಗುವುದೂ ಉಂಟು. ಎಲ್ಲ ಡಾಕ್ಟರರೂ ಮಾಡುವುದಿಲ್ಲ. ಆದರೂ ಬುದ್ಧಿ ಹಲ್ಲು ಆರೋಗ್ಯವಾಗಿರುವ ತರುಣರು ದವಡೆ ಕೀಳಿಸುವ ಮೊದಲು ‘ಇದನ್ನು ಅಲ್ಲಿ ನೆಡಲಾದೀತೇ?’ ಎಂದು ಕೇಳುವುದರಲ್ಲಿ ನಷ್ಟವೇನಿಲ್ಲ. ನೆಡಲಾಗದಿದ್ದರೂ, ನೇರವಾಗಿ ಬಂದ ಬುದ್ಧಿ ಹಲ್ಲು ಮುಂದೆ ಬ್ರಿಜ್ಜಿಗೆ ಕಂಬವಾದೀತು. ನಿಷ್ಕಾರಣ ಕೀಳಿಸಬೇಡಿರಿ ಎಂದದ್ದು ಇದಕ್ಕೇ.

ಹಲ್ಲು ನೆಡುವ ಈ ವಿದ್ಯೆಗೆ ಒಂದು ಕಹಿಯಾದ ಇತಿಹಾಸವಿದೆ. ಕಾರ್ಮಿಕರಾದ ನಾವು ಅದನ್ನು ತಿಳಿದಿರಬೇಕು. ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಸಿರಿವಂತರು ಬಡವರ ಹಲ್ಲನ್ನು ಹಣ ಕೊಟ್ಟು ಕೊಳ್ಳುತ್ತಿದ್ದರು. ಬಡ ಹುಡುಗನ ಬಾಯಿಂದ ಕಿತ್ತ ಹಲ್ಲು ಆಗಿಂದಾಗಲೇ ಧನಿಕರ ಬಾಯಿಗೆ. ಜಾನ್ ಹಂಟರ್ ಎಂಬ ಹೆಸರಾಂತ ಶಸ್ತ್ರವೈದ್ಯನೇ ಇದನ್ನು ಪ್ರೋತ್ಸಾಹಿಸಿದ್ದ. ಹೊಗೆಗೂಡು ಗುಡಿಸುವ ಹುಡುಗನ ಹಲ್ಲನ್ನು ಸಿರಿವಂತ ಹೆಂಗಸಿಗಾಗಿ ಕೀಳುವ ದೃಶ್ಯವನ್ನು ರೋಲಂಡ್ಸನ್ ಎಂಬ ಚಿತ್ರಕಾರ 1787ರಲ್ಲಿ ವ್ಯಂಗ್ಯವಾಗಿ ಬರೆದ. ಇಂಥ ಪರರ ಹಲ್ಲು ಬಾಳಲಿಲ್ಲ. ರೋಗ ಮಾತ್ರ ಹರಡಿತು. 1815ರ ವಾಟರ್ಲೂ ಯುದ್ಧದಲ್ಲಿ ಸತ್ತ ಸಿಪಾಯಿಗಳ ಹಲ್ಲನ್ನೂ ಕಿತ್ತು ಕಟ್ಟುಹಲ್ಲು ಮಾಡಿ ಮಾರಿದರು. ಬಡವನ ದುಡಿಮೆ ಸಾಲದೆ ಅವನ ಹಲ್ಲೂ ಬೇಕಾಗಿದ್ದ ಕಾಲ ಅದು. ಇಂದು ನಮ್ಮ ಹಲ್ಲನ್ನು ಕೊಳ್ಳಲು ಯಾರೂ ಬರುವುದಿಲ್ಲ; ಚಿಕಿತ್ಸೆಗೆ ಅರ್ಧ ದಿನದ ಬಿಡುವು ಸಿಗದೆ ನಾವೇ ಪುಕ್ಕಟೆ ಕಳೆದುಕೊಳ್ಳುತ್ತಿದ್ದೇವೆ. ಇದು ಸರಿಯೇ?

ಬಿಡುವಿಲ್ಲದ್ದರಿಂದಲೇ ನಮ್ಮವರು ರಸ್ತೆಬದಿಯ ಹಲ್ಲಿನವನ ಹತ್ತಿರ ಹೋಗುತ್ತಾರೆ. ಅವನು ಹತ್ತು ನಿಮಿಷದಲ್ಲಿ ತಂತಿ ಸುತ್ತಿ, ಬೇಗ ಗಟ್ಟಿಯಾಗುವ ಅಂಟಿನಿಂದ ಪಕ್ಕದ ಹಲ್ಲಿಗೆ ಸುಳ್ಳು ಹಲ್ಲು ಮೆತ್ತುತ್ತಾನೆ. ಅದು ತೆಗೆಯಲೂ ಬಾರದು, ತೊಳೆಯಲೂ ಬಾರದು. ಅಡಿಯಲ್ಲಿ ವಸಡು ಕೊಳೆತು, ಗಟ್ಟಿಯಿದ್ದ ಹಲ್ಲುಗಳೂ ಅಲ್ಲಾಡತೊಡಗುತ್ತವೆ. ನಮ್ಮ ದೇಶದಲ್ಲಿ 1948ರ ಕಾಯಿದೆಯಿಂದಲೇ ಹಲ್ಲಿನ ವೈದ್ಯರಿಗೆ ನೋಂದಣಿ ಬಂದಿದೆ. ನೋಂದಣಿ ಇರುವವರ ಹತ್ತಿರವೇ ಹೋಗಿರಿ. ಮುಂಬಯಿ ಸೆಂಟ್ರಲಿನ ಬಳಿ ನಗರಪಾಲಿಕೆಯ ನಾಯರ್ ದಂತ ಕಾಲೇಜಿದೆ. ಕೋಟೆಯ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ ಸರಕಾರಿ ದಂತ ಕಾಲೇಜಿದೆ. ಸರದಿಯಲ್ಲಿ ನಿಲ್ಲಬೇಕು, ಎರಡು ಮೂರು ಸಲ ಹೋಗಬೇಕು, ನಿಜ. ಆದರೆ ಖಾಸಗಿ ದವಾಖಾನೆಗಿಂತ ಖರ್ಚು ಬಹಳ ಕಡಿಮೆ. ಊರಿಗೆ ಹೋದವರಿಗೆ ಮಣಿಪಾಲ, ಮಂಗಳೂರುಗಳಲ್ಲೂ ದಂತ ಕಾಲೇಜುಗಳಿವೆ.

ಇನ್ನು ಹಕ್ಕಿನ ಮಾತು. ಕಾರ್ಮಿಕರ ರಾಜ್ಯ ವಿಮೆ, ಇ.ಎಸ್.ಐ., 1948ರ ಕಾಯಿದೆಯಿಂದ ಹುಟ್ಟಿದ್ದು. ಸಂಬಳದ ಮಿತಿಯನ್ನು 2017ರ ಜನವರಿಯಿಂದ ತಿಂಗಳಿಗೆ 21,000 ರೂಪಾಯಿ ಮಾಡಿದರು. 2019ರ ಜುಲೈಯಿಂದ ನೂರು ರೂಪಾಯಿ ಕೂಲಿಗೆ ನಮ್ಮ ಪಾಲು 75 ಪೈಸೆ, ಮಾಲಿಕರ ಪಾಲು 3 ರೂಪಾಯಿ 25 ಪೈಸೆ ಎಂದು ಗೊತ್ತುಮಾಡಿದರು. ಚಿಕಿತ್ಸೆ ಮಾತ್ರವಲ್ಲ, ನಿಯಮದಂತೆ ಡಾಕ್ಟರರ ಚೀಟಿಯಿದ್ದರೆ ಕಾಯಿಲೆಯ ದಿನಗಳಿಗೆ ಕೂಲಿಯ ನೂರಕ್ಕೆ 70ರಷ್ಟು ಸಿಗುತ್ತದೆ. ನಮ್ಮ ಹೆಸರು ಅಲ್ಲಿ ಬರೆಯಿಸಿದ್ದಾರೆಯೇ, ಕಾರ್ಡು ಕೊಟ್ಟಿದ್ದಾರೆಯೇ ಎಂದು ಪ್ರತಿಯೊಬ್ಬನೂ ವಿಚಾರಿಸಬೇಕು. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯು ತನ್ನ ವ್ಯಾಪ್ತಿಯ ಕೆಲಸಗಾರರಿಗೆ ವರ್ಷಕ್ಕೆ 8 ದಿನ ಸಂಬಳಸಹಿತ ಸಾಂದರ್ಭಿಕ ರಜೆ ಕೊಟ್ಟಿದೆ. ಹಲ್ಲುನೋವು ರಜೆಗೆ ಕಾರಣವಲ್ಲವೆಂದು ಯಾವ ಕಾಯಿದೆಯೂ ಹೇಳುವುದಿಲ್ಲ. ಹೇಳುವುದು ನಮ್ಮ ಸಂಕೋಚ.

ಕೊನೆಯದಾಗಿ ಸಭೆಯ ಮುಂದೆ ಮೂರು ಸೂಚನೆ ಇಡುತ್ತೇವೆ. ಒಂದು: ಹಲ್ಲಿನ ಚಿಕಿತ್ಸೆಗೆ ಹೋಗುವವನಿಗೆ ಅರ್ಧ ದಿನ ಸಂಬಳಸಹಿತ ಬಿಡುವು ಬೇಕೆಂಬುದನ್ನು ಮಾಲಿಕರ ಮುಂದಿಡುವ ಬೇಡಿಕೆಗಳಲ್ಲಿ ಸೇರಿಸಬೇಕು. ಎರಡು: ಒಬ್ಬ ಆಸ್ಪತ್ರೆಗೆ ಹೋದಾಗ ಅವನ ಟೇಬಲನ್ನು ಇನ್ನೊಬ್ಬ ನೋಡಿಕೊಳ್ಳುವ ಕ್ರಮವನ್ನು ಹೋಟೆಲು ಹೋಟೆಲಿನಲ್ಲಿ ನಾವೇ ಮಾಡಿಕೊಳ್ಳಬೇಕು, ಅದಕ್ಕೆ ಮಾಲಿಕರ ಅಪ್ಪಣೆ ಬರುವವರೆಗೆ ಕಾಯಬೇಕಾಗಿಲ್ಲ. ಮೂರು: ಹೊಸದಾಗಿ ಊರಿಂದ ಬಂದ ಹುಡುಗರಿಗೆ ಮೊದಲ ವಾರದಲ್ಲೇ ಕೋಣೆಯ ಹಿರಿಯರು ಒಂದು ಬ್ರಶ್ಶು, ಫ್ಲೋರೈಡ್ ಇರುವ ಪೇಸ್ಟು ಕೊಡಿಸಿ, ರಾತ್ರಿ ಉಜ್ಜದೆ ಮಲಗಬೇಡ, ಚಹ ಕುಡಿದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸು ಎಂದು ಹೇಳಬೇಕು.

ಮೂವತ್ತು ವರ್ಷ ಜನರಿಗೆ ಊಟ ಬಡಿಸಿದವನು ಊರಿಗೆ ಮರಳಿದಾಗ ತನ್ನ ಮನೆಯ ಚಕ್ಕುಲಿ ತಾನೇ ಅಗಿಯಲಾರದಂತೆ ಆಗಬಾರದು. ಇಷ್ಟೇ ನಮ್ಮ ಬೇಡಿಕೆ. ಸೂಚನೆಗಳನ್ನು ಚರ್ಚಿಸಿ ಒಪ್ಪಬೇಕೆಂದು ವಿನಂತಿಸಿ ಮಾತು ಮುಗಿಸುತ್ತೇವೆ.